ಒಣಗಿದ ಮೇಲೇ ಮರಕ್ಕೆ

ಪೈನ್ ಕೋನ್, ಅಂದ್ರೆ ಪೈನ್ ಮರದ ಬೀಜ ಇರೋ ಗಟ್ಟಿ ಕಾಯಿ ಥರದ್ದು, ಅದನ್ನ ತೊಳೆದರೆ ಏನಾಗತ್ತೆ ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ಡಿಸೆಂಬರ್ ಮೊದಲನೇ ವಾರ, ಕ್ರಿಸ್ಮಸ್ ಮರಕ್ಕೆ ಕಟ್ಟೋಕೆ ಅಂತ ಮಗಳೂ ನಾನೂ ಮರಗಳ ಕೆಳಗೆ ಆರಿಸ್ಕೊಂಡು ಬಂದ ಇಪ್ಪತ್ತು ಇಪ್ಪತ್ತೈದು ಕೋನ್ ಇತ್ತು, ಮಣ್ಣು, ಜೇಡರ ಬಲೆ, ಅಂಟು ಎಲ್ಲಾ ಮೆತ್ಕೊಂಡಿತ್ತು, ಸರಿ ಅಂತ ಬಕೆಟ್‌ಗೆ ಉಗುರುಬೆಚ್ಚಗಿನ ನೀರು ಹಾಕಿ ಸ್ವಲ್ಪ ವಿನೆಗರ್ ಸುರಿದು ನೆನೆಸಿಟ್ಟು ಊಟಕ್ಕೆ ಕೂತ್ವಿ. ವಾಪಸ್ ಬಂದು ನೋಡಿದ್ರೆ, ಹೂವಿನ ಥರ ಅರಳಿಕೊಂಡಿದ್ದ ಒಂದೊಂದೂ ಮುಷ್ಟಿ ಬಿಗಿ ಹಿಡಿದ ಹಾಗೆ ಮುಚ್ಕೊಂಡು ಕೂತಿದೆ! ಮಗಳು "ಅಮ್ಮಾ, ನೀನು ಅವನ್ನೆಲ್ಲಾ ಸಾಯಿಸಿಬಿಟ್ಟೆ" ಅಂತ ಅಳೋಕೇ ಶುರು ಮಾಡಿದ್ಲು. ನಮ್ಮಮ್ಮ ಸೋಫಾದಿಂದಲೇ "ಒದ್ದೆಯಾಗಿದೆ ಅಷ್ಟೇ, ಒಣಗಿಸೇ ಸರಿ ಹೋಗತ್ತೆ" ಅಂದ್ರು, ತಲೆ ಎತ್ತಿ ಕೂಡ ನೋಡ್ಲಿಲ್ಲ.

ಅವರು ಹೇಳಿದ್ದೇ ಸರಿ. ರಾತ್ರಿ ಪೇಪರ್ ಮೇಲೆ ಹರಡಿ ಫ್ಯಾನ್ ಕೆಳಗೆ ಬಿಟ್ಟಿದ್ದೆ, ಮಧ್ಯರಾತ್ರಿ ಟಿಕ್ ಟಿಕ್ ಅಂತ ಸಣ್ಣ ಸದ್ದು, ಹಲ್ಲಿ ಇರಬೇಕು ಅನ್ಕೊಂಡೆ, ಎದ್ದು ಬಂದ್ರೆ ಆ ಸದ್ದು ಬರ್ತಿದ್ದದ್ದು ಕೋನ್‌ಗಳಿಂದ. ಎಸಳು ಒಂದೊಂದಾಗಿ ಬಿಡಿಸ್ಕೊಳ್ತಾ ಇತ್ತು. ಎರಡು ದಿನದಲ್ಲಿ ಎಲ್ಲಾ ಮತ್ತೆ ಅರಳಿ ಮೊದಲಿಗಿಂತ ಚೆನ್ನಾಗೇ ಕಾಣ್ತಿತ್ತು.

ಇದು ನಾನು ಮರ ಅಲಂಕಾರಕ್ಕೆ ಮನೆಯಲ್ಲೇ ಆರ್ನಮೆಂಟ್ ಮಾಡೋಕೆ ಶುರು ಮಾಡಿದ ಮೂರನೇ ವರ್ಷ. ಮೊದಲನೇ ವರ್ಷ ಆಗಿದ್ದ ಅನಾಹುತ, ಎರಡನೇ ವರ್ಷ ಆಗಿದ್ದ ಅನಾಹುತ, ಈ ಸಲದ ಬಕೆಟ್ ಪ್ರಸಂಗ, ಎಲ್ಲಾ ಸೇರಿಸಿ ನೋಡಿದಾಗ ನಂಗೆ ಒಂದು ವಿಷ್ಯ ಹೊಳೀತು, ಎಲ್ಲಾ ಕಡೆ ಕೈ ಕೊಟ್ಟಿದ್ದು ನೀರೇ. ಅಂಟು ಸರಿ ಇಲ್ಲ, ಬಣ್ಣ ಸರಿ ಇಲ್ಲ, ನಂಗೆ ಕೈಕೆಲಸ ಬರಲ್ಲ ಅಂತೆಲ್ಲಾ ಅನ್ಕೊಂಡಿದ್ದೆ, ಆದ್ರೆ ಇಂಟರ್ನೆಟ್‌ನಲ್ಲಿ ಎಲ್ರೂ ಬರೀ ಕಟ್ಟೋದು ಅಂಟಿಸೋದು ತೋರಿಸ್ತಾರೆ, ಒಣಗಿಸೋ ಭಾಗನ ಎರಡು ಸೆಕೆಂಡಲ್ಲಿ ಓಡಿಸಿಬಿಡ್ತಾರೆ. ಕಟ್ಟೋದು ಹತ್ತು ನಿಮಿಷದ ಕೆಲಸ ಸ್ವಾಮಿ, ಒಣಗಿಸೋದು ಮೂರು ದಿನದ್ದು. ಹಾಗಾಗಿ ಈ ಪೋಸ್ಟ್ ಪೂರ್ತಿ ಒಣಗಿಸೋದರ ಬಗ್ಗೆನೇ, ಸ್ವಲ್ಪ ಬೋರ್ ಆದ್ರೆ ಕ್ಷಮಿಸಿ.

ಮೊದಲು ಕೋನ್ ಕಥೆ ಮುಗಿಸ್ತೀನಿ. ಅದು ಯಾಕೆ ಹಾಗೆ ಮುಚ್ಕೊಳತ್ತೆ ಅಂತ ಓದ್ತಾ ಹೋದೆ, ಓದಿದಷ್ಟೂ ಮಜಾ ಬಂತು. ಕೋನ್‌ನ ಒಂದೊಂದು ಎಸಳಲ್ಲೂ ಎರಡು ಪದರ ಇರತ್ತಂತೆ, ನೀರು ಕುಡಿದಾಗ ಹೊರಗಿನ ಪದರ ಜಾಸ್ತಿ ಹಿಗ್ಗತ್ತೆ ಒಳಗಿನದು ಅಷ್ಟು ಹಿಗ್ಗಲ್ಲ, ಆಗ ಎಸಳು ಒಳಕ್ಕೆ ಬಾಗತ್ತೆ, ಒಣಗಿದಾಗ ಹೊರಗಿನದು ಕುಗ್ಗಿ ಎಸಳನ್ನ ಹೊರಕ್ಕೆ ಎಳೆಯತ್ತೆ. ಯಾಕಪ್ಪಾ ಈ ಏರ್ಪಾಡು ಅಂದ್ರೆ ಬೀಜಕ್ಕೆ ತೆಳ್ಳನೆ ರೆಕ್ಕೆ ಇರತ್ತೆ, ಮಳೆಯಲ್ಲಿ ಬಿದ್ರೆ ಅಲ್ಲೇ ಬುಡದಲ್ಲೇ ಕೊಳೆಯತ್ತೆ, ಒಣ ಗಾಳಿಯಲ್ಲಿ ಬಿದ್ರೆ ದೂರ ಹಾರತ್ತೆ. ಇದಕ್ಕೆ ಜೀವ ಇರಬೇಕು ಅಂತೇನೂ ಇಲ್ಲ, ಮರದಿಂದ ಉದುರಿ ವರ್ಷಗಳಾಗಿರೋ ಕೋನ್ ಕೂಡ ಇದನ್ನೇ ಮಾಡತ್ತೆ. ಜರ್ಮನಿಯ ಸಂಶೋಧಕರು 2017ರಲ್ಲಿ ಬರೆದ ಒಂದು ಲೇಖನದಲ್ಲಿ ಒಂದು ಕೋಟಿ ವರ್ಷಕ್ಕೂ ಹಳೇದಾದ ಪಳೆಯುಳಿಕೆ ಕೋನ್‌ಗಳನ್ನ ನೆನೆಸಿ ಒಣಗಿಸಿ ನೋಡಿದ್ರೆ ಅವೂ ಇನ್ನೂ ಅಲ್ಲಾಡ್ತಿದ್ವಂತೆ. ಒಂದು ಕೋಟಿ ವರ್ಷ! ನಮ್ಮನೆ ಬಾಗಿಲು ಎರಡು ಮಳೆಗಾಲಕ್ಕೇ ಊದ್ಕೊಂಡು ಮುಚ್ಚೋಕೆ ಬರಲ್ಲ. ಇದನ್ನ ಮಗಳಿಗೆ ಹೇಳಿದ ಮೇಲೆ "ಸಾಯಿಸಿಬಿಟ್ಟೆ" ಅನ್ನೋ ಆರೋಪ ವಾಪಸ್ ತಗೊಂಡ್ಲು, ಆದ್ರೆ ಆಮೇಲೆ ದಿನಾ ಒಂದು ಕೋನ್‌ನ ಕದ್ದು ಲೋಟದ ನೀರಲ್ಲಿ ಹಾಕೋದು ಶುರುವಾಯ್ತು, ಅದು ಬೇರೆ ತಲೆನೋವು.

ಫ್ಯಾನ್ ಕೆಳಗೆ ಒಣಗಿಸಿದ್ರೆ ಸಾಲದು ಅಂತ ಆಮೇಲೆ ಗೊತ್ತಾಯ್ತು, ಯಾಕಂದ್ರೆ ಎಸಳಿನ ಸಂದಿಯಲ್ಲಿ ಸಣ್ಣ ಹುಳ, ಅದರ ಮೊಟ್ಟೆ ಇರತ್ತೆ. ಅದಕ್ಕೆ ಓವನ್. 95 ಡಿಗ್ರಿ ಆಸುಪಾಸಿಗೆ ಇಟ್ಟು ಅರ್ಧ ಮುಕ್ಕಾಲು ಗಂಟೆ, ಕೆಳಗೆ ಫಾಯಿಲ್ ಹಾಸಲೇಬೇಕು, ರಾಳ ಕರಗಿ ಟ್ರೇಗೆ ಮೆತ್ಕೊಂಡ್ರೆ ಉಜ್ಜಿ ಉಜ್ಜಿ ಕೈ ಬಿದ್ದು ಹೋಗತ್ತೆ. ಓವನ್ ಬಿಟ್ಟು ಆಚೀಚೆ ಹೋಗಬಾರದು, ಒಣ ಕಟ್ಟಿಗೆನೇ ತಾನೆ ಅದು. ಕರಗಿದ ರಾಳ ತಣ್ಣಗಾದ ಮೇಲೆ ಎಸಳಿನ ತುದಿಯಲ್ಲಿ ಒಂದು ಮಿರುಗು ಬರತ್ತೆ, ವಾರ್ನಿಷ್ ಹಚ್ಚಿದ ಹಾಗೆ, ಅದನ್ನ ನೋಡಿದ ಮೇಲೆ ನಾನು ಗೋಲ್ಡ್ ಸ್ಪ್ರೇ ಡಬ್ಬಿ ಎತ್ತಿಟ್ಟೆ. ಆಮೇಲೆ ಕೋನ್‌ನ ತಿರುಗಿಸಿ ಬುಡ ನೋಡಿ ಒಂದ್ಸಲ, ಎಸಳುಗಳು ಎರಡು ಕಡೆಗೆ ಸುರುಳಿ ಸುತ್ಕೊಂಡು ಹೋಗಿರತ್ತೆ, ಎಣಿಸಿದ್ರೆ ಸಾಮಾನ್ಯವಾಗಿ ಒಂದು ಕಡೆ 8, ಇನ್ನೊಂದು ಕಡೆ 13, ಫಿಬೊನಾಚಿ ಸಂಖ್ಯೆಗಳು, ಅಂದ್ರೆ ಹಿಂದಿನ ಎರಡನ್ನ ಕೂಡಿದ್ರೆ ಮುಂದಿನದು ಬರೋ ಸರಣಿ. ಹಾಗಾಗಿ ನಾನು ದಾರನ ಬುಡದ ಕಡೆ ಕಟ್ಟಲ್ಲ, ತುದಿಯ ಕಡೆಯಿಂದ ಕಟ್ಟಿ ತಲೆಕೆಳಗೆ ತೂಗು ಹಾಕ್ತೀನಿ, ಆಗ ಬುಡದ ಸುರುಳಿ ಕೆಳಗಡೆ ಬಂದು, ಕೆಳಗಿಂದ ನೋಡೋರಿಗೆ ಅದೇ ಮೊದಲು ಕಣ್ಣಿಗೆ ಬೀಳತ್ತೆ. ಇದು ನನ್ನ ಹಟ, ನೀವು ಹೇಗೆ ಬೇಕಾದ್ರೂ ಕಟ್ಕೊಳ್ಳಿ.

ಪೈನ್ ಸಿಗದೇ ಇದ್ರೆ ಗಾಳಿ ಮರದ ಕಾಯಿ ಇದೆಯಲ್ಲ, ಸರ್ವೆ ಅಂತಲೂ ಅಂತಾರೆ, ಅದು ನೋಡೋಕೆ ಥೇಟ್ ಪುಟಾಣಿ ಕೋನ್ ಥರಾನೇ. ನಿಜ ಹೇಳ್ಬೇಕಂದ್ರೆ ಗಾಳಿ ಮರ ಪೈನ್ ಜಾತಿನೇ ಅಲ್ಲ, ಅದು ಹೂ ಬಿಡೋ ಗಿಡ, ವೇಷ ಮಾತ್ರ ಪೈನ್‌ದು. ಆದ್ರೆ ಅಲಂಕಾರಕ್ಕೆ ವೇಷನೇ ಸಾಕಲ್ವಾ. ಹತ್ತು ಹದಿನೈದು ಸೇರಿಸಿ ತೆಳು ತಂತಿಗೆ ಸುತ್ತಿ ಬಳೆ ಥರ ಮಾಡಿದ್ರೆ ಸಣ್ಣ ರೀತ್, ಅಂದ್ರೆ ದುಂಡನೆ ಹಾರ, ರೆಡಿ. ನೀಲಗಿರಿ ಮರದ ಕಾಯಿ ಕೂಡ ಚೆನ್ನಾಗಿರತ್ತೆ, ಅದರ ಬಾಯಿ ಹತ್ರ ನಕ್ಷತ್ರದ ಆಕಾರದ ಬಿರುಕು ಇರತ್ತೆ, ದೇವರೇ ಮಾಡಿಟ್ಟ ಕ್ರಿಸ್ಮಸ್ ಸ್ಟಾರ್ ಅದು.

ಈಗ ಕಿತ್ತಳೆ. ಅಯ್ಯೋ ಕಿತ್ತಳೆ. ಮೊದಲನೇ ವರ್ಷ ನಾನು ಯಾವುದೋ ಫೋಟೋ ನೋಡಿ ಮರುಳಾಗಿ ಆರು ಕಿತ್ತಳೆ ಹಣ್ಣನ್ನ ಅರ್ಧ ಇಂಚು ದಪ್ಪಕ್ಕೆ ಬಿಲ್ಲೆ ಬಿಲ್ಲೆ ಕೊಯ್ದು ಒಂದು ದಿನ ಬಿಸಿಲಲ್ಲಿಟ್ಟು, ಮೇಲೆ ಒಣಗಿದ ಹಾಗೆ ಕಂಡ ತಕ್ಷಣ ದಾರ ಪೋಣಿಸಿ ಮರಕ್ಕೆ ಹಾಕಿದ್ದೆ. ಹಿಂದ್ಗಡೆ ಲೈಟ್ ಇದ್ರೆ ಆ ತೊಳೆಗಳು ಬಣ್ಣದ ಗಾಜಿನ ಕಿಟಕಿ ಥರ ಹೊಳೀತಿದ್ವು, ನಿಜವಾಗ್ಲೂ, ಮನೆಗೆ ಬಂದೋರೆಲ್ಲಾ ಫೋಟೋ ತೆಗೆದ್ರು. ಹದಿನೆಂಟನೇ ತಾರೀಕು ಇರಬೇಕು, ಬೆಳಿಗ್ಗೆ ಎದ್ದು ನೋಡ್ತೀನಿ, ಮರದ ಬುಡದಿಂದ ಮೇಲಿನ ತನಕ ಇರುವೆ ಸಾಲು, ಒಂದು ರೈಲು ಹೋದ ಹಾಗೆ. ಇರುವೆ ಓಡಿಸಿದೆ. ಇಪ್ಪತ್ತೆರಡಕ್ಕೆ ಬೂಷ್ಟು ಹಿಡೀತು. ಹಸಿರು ಬೂಷ್ಟು, ಮರದ ಬಣ್ಣಕ್ಕೆ ಮ್ಯಾಚ್ ಆಗೋ ಥರ. ನಮ್ಮಮ್ಮ ಬಂದು ಮೂಸಿ ನೋಡಿ "ತೇವ ಇಟ್ಕೊಂಡು ನೇತಾಕಿದ್ರೆ ಬೂಷ್ಟು ಬರದೆ ಇನ್ನೇನೇ ಬರತ್ತೆ" ಅಂದ್ರು. ಕ್ರಿಸ್ಮಸ್ ಹಿಂದಿನ ದಿನ ಮರ ಬೋಳಾಗಿತ್ತು.

ಸರಿಯಾದ ಅಳತೆ ಅಂದ್ರೆ ಅರ್ಧ ಸೆಂಟಿಮೀಟರ್, ಅದಕ್ಕಿಂತ ಸ್ವಲ್ಪ ಜಾಸ್ತಿ ಆದ್ರೆ ಪರವಾಗಿಲ್ಲ. ತೀರಾ ತೆಳ್ಳಗೆ ಕೊಯ್ದರೆ ತೊಳೆ ಹರಿದು ಬರೀ ಸಿಪ್ಪೆಯ ಉಂಗುರ ಉಳಿಯತ್ತೆ. ಕೊಯ್ದ ಮೇಲೆ ಬಟ್ಟೆ ಮೇಲಿಟ್ಟು ಎರಡೂ ಕಡೆ ಒತ್ತಿ ರಸ ಹೀರಿಸಿ, ಬೀಜ ತೆಗೆದು, ತಂತಿ ಜಾಲರಿ ಮೇಲೆ ಜೋಡಿಸಿ, ಓವನ್ 90 ಇಂದ 100 ಡಿಗ್ರಿ, ಮೂರು ನಾಲ್ಕು ಗಂಟೆ, ಅರ್ಧ ಗಂಟೆಗೊಮ್ಮೆ ಮಗುಚಬೇಕು. ಬೇಗ ಆಗಲಿ ಅಂತ ಶಾಖ ಏರಿಸಿದ್ರೆ ಸಕ್ಕರೆ ಅಂಶ ಕಪ್ಪಾಗಿ ಸುಟ್ಟ ಚಕ್ಕುಲಿ ಥರ ಆಗತ್ತೆ. ಆಯ್ತೋ ಇಲ್ವೋ ಅಂತ ನೋಡೋದು ಬಿಸಿ ಇರುವಾಗ ಅಲ್ಲ, ತಣ್ಣಗಾದ ಮೇಲೆ, ಮತ್ತೆ ನೋಡಬೇಕಾದ್ದು ತೊಳೆ ಅಲ್ಲ, ಸಿಪ್ಪೆ ಮತ್ತು ತೊಳೆ ಸೇರೋ ಆ ಬಿಳಿ ಅಂಚು. ತೊಳೆ ಬೇಗ ಒಣಗಿ ನಮಗೆ ಟೋಪಿ ಹಾಕತ್ತೆ, ತೇವ ಅವಿತು ಕೂತಿರೋದು ಆ ಅಂಚಲ್ಲಿ. ಬೆರಳಲ್ಲಿ ಒತ್ತಿದ್ರೆ ಅದು ಸ್ಪಂಜ್ ಥರ ಬಾಗಿದ್ರೆ ಮತ್ತೆ ಒಳಗೆ. ನಾನೀಗ ಓವನ್‌ನಿಂದ ತೆಗೆದ ಮೇಲೂ ಎರಡು ದಿನ ಗಾಳಿಗೆ ಇಡ್ತೀನಿ, ಕಿತ್ತಳೆ ವಿಷ್ಯದಲ್ಲಿ ನಂಗೆ ಇನ್ನು ಯಾರ ಮೇಲೂ ನಂಬಿಕೆ ಇಲ್ಲ.

ಚಕ್ಕೆ ಲವಂಗ ಸ್ಟಾರ್ ಅನೀಸ್ ಇವೆಲ್ಲಾ ಮೊದಲೇ ಒಣಗಿರೋ ವಸ್ತು, ಇವುಗಳ ಜೊತೆ ಯಾವ ಜಗಳನೂ ಇಲ್ಲ. ಎರಡು ಚಕ್ಕೆ ಸೇರಿಸಿ ಸೆಣಬಿನ ದಾರದಲ್ಲಿ ಕಟ್ಟಿ ಮಧ್ಯ ಒಂದು ಅನೀಸ್ ಅಂಟಿಸಿದ್ರೆ ಮುಗೀತು.

ಇನ್ನು ಉಪ್ಪಿನ ಹಿಟ್ಟು. ಇದು ಎರಡನೇ ವರ್ಷದ ಕಥೆ. ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ಮುಕ್ಕಾಲು ಕಪ್‌ನಿಂದ ಒಂದು ಕಪ್ ತನಕ ನೀರು, ಚೆನ್ನಾಗಿ ನಾದಿ ಲಟ್ಟಿಸಿ ಮೇಲೆ ಎಲೆ ಇಟ್ಟು ಒತ್ತೋದು. ಎಲೆಯ ಹಿಂಭಾಗ ಕೆಳಗೆ ಬರೋ ಹಾಗೆ ಇಡಬೇಕು, ನರಗಳು ಉಬ್ಬಿರೋದು ಆ ಕಡೆ, ಅಚ್ಚು ಸ್ಪಷ್ಟವಾಗಿ ಬೀಳತ್ತೆ. ಆಮೇಲೆ ಅಂಚು ಕತ್ತರಿಸಿ, ಸ್ಟ್ರಾದಲ್ಲಿ ಒಂದು ತೂತು ಮಾಡಿ, 100-110 ಡಿಗ್ರಿಯಲ್ಲಿ ಎರಡು ಮೂರು ಗಂಟೆ. ತೂತು ಮಾಡೋದು ಮರೆತು ಬೇಯಿಸಿದ್ರೆ ಆಮೇಲೆ ಡ್ರಿಲ್ ಹಿಡಿದ್ರೂ ಒಡೆದೇ ಹೋಗತ್ತೆ, ಕೇಳ್ಬೇಡಿ ಹೇಗೆ ಗೊತ್ತು ಅಂತ. ಮಗಳು ಮಾಡಿದ್ದು ಎಲೆ ಅಲ್ಲ, ಒಂದು ಮೀನು, ಅದಕ್ಕೆ ಮೂರು ಕಣ್ಣು, ಯಾಕೆ ಅಂತ ಕೇಳಿದ್ರೆ "ಒಂದು ಎಕ್ಸ್‌ಟ್ರಾ" ಅಂದ್ಲು. ಎಲ್ಲಾ ಗಟ್ಟಿಯಾಗಿ ಕಲ್ಲಿನ ಥರ ಬಂತು, ನಾನೂ ಬೀಗಿದೆ, ಮರಕ್ಕೆ ಹಾಕಿದ್ವಿ. ನಾಲ್ಕು ದಿನ ಮೋಡ, ಜಿಟಿಜಿಟಿ ಮಳೆ. ಐದನೇ ದಿನ ಮೀನಿನ ಬಾಲದ ತುದಿಯಲ್ಲಿ ಒಂದು ಹನಿ ನೀರು! ಮೀನು ಬೆವರ್ತಾ ಇತ್ತು. ಮುಟ್ಟಿದ್ರೆ ಮೆತ್ತಗೆ. ಸಂಜೆ ಹೊತ್ತಿಗೆ ದಾರ ಕಡೆ ತೂತು ಹಿಗ್ಗಿ ಟಪ್ ಅಂತ ಬಿತ್ತು.

ತಪ್ಪು ಉಪ್ಪಿಂದು. ಗಾಳಿಯಲ್ಲಿ ತೇವಾಂಶ ಸುಮಾರು 75% ದಾಟಿದ್ರೆ ಉಪ್ಪು ಗಾಳಿಯಿಂದಲೇ ನೀರು ಎಳ್ಕೊಂಡು ಕರಗೋಕೆ ಶುರು ಮಾಡತ್ತೆ, ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗೋದು ಇದೇ ಕಾರಣಕ್ಕೆ. ಅದಕ್ಕೆ ಪೂರ್ತಿ ಒಣಗಿದ ಮೇಲೆ ವಾರ್ನಿಷ್ ಹಚ್ಚಲೇಬೇಕು, ಎರಡೂ ಕಡೆ, ಅಂಚಿಗೆ, ತೂತಿನ ಒಳಗೆ ಕೂಡ. ಆದ್ರೆ ಒಳಗೆ ತೇವ ಇಟ್ಕೊಂಡೇ ವಾರ್ನಿಷ್ ಹಚ್ಚಿದ್ರೆ ಅದು ಇನ್ನೂ ಕೆಟ್ಟದ್ದು, ನೀರು ಒಳಗೇ ಸಿಕ್ಕಾಕ್ಕೊಂಡು ಮೇಲ್ಮೈ ಗುಳ್ಳೆ ಏಳತ್ತೆ. ಈ ವರ್ಷ ಮೂರು ಕಣ್ಣಿನ ಮೀನಿನ ಎರಡನೇ ಅವತಾರ ಆಗಿದೆ, ನಾಲ್ಕು ಕೋಟ್ ವಾರ್ನಿಷ್, ಏನೂ ಆಗಿಲ್ಲ ಇಲ್ಲಿ ತನಕ.

ನೀರಿನ ಮೇಲೆ ಇಷ್ಟು ದೂರು ಹೇಳಿದ ಮೇಲೆ ಅದರ ಪರವಾಗಿ ಒಂದು ಮಾತು. ಎಲೆಯ ಬರೀ ನರ ಉಳಿಸೋದು ನೀರಿಂದಲೇ ಆಗೋ ಕೆಲಸ. ಅರಳಿ ಎಲೆಯಂಥ ಗಟ್ಟಿ ನರದ ಎಲೆ ತಗೊಂಡು ಪಾತ್ರೆಯಲ್ಲಿ ಮುಳುಗಿಸಿಟ್ಟು ವಾರಗಟ್ಟಲೆ ಮರೆತುಬಿಡೋದು, ಮಧ್ಯ ಮಧ್ಯ ನೀರು ಬದಲಾಯಿಸೋದು, ಇಲ್ಲಾಂದ್ರೆ ವಾಸನೆಗೆ ಮನೆಯೋರು ನಿಮ್ಮನ್ನೇ ಆಚೆ ಹಾಕ್ತಾರೆ. ಹಸಿರು ಭಾಗ ಕೊಳೆತು ಮೆತ್ತಗಾದಾಗ ಹಳೇ ಟೂತ್‌ಬ್ರಶ್‌ನಲ್ಲಿ ನಿಧಾನಕ್ಕೆ, ತುಂಬಾ ನಿಧಾನಕ್ಕೆ ತಟ್ಟಿ ತಟ್ಟಿ ತೆಗೆದ್ರೆ ಬಲೆ ಥರ ನರ ಮಾತ್ರ ಉಳಿಯತ್ತೆ. ಅರ್ಜೆಂಟ್ ಇದ್ದೋರು ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಒಂದೆರಡು ಗಂಟೆ ಕುದಿಸ್ತಾರೆ, ಅದೂ ಆಗತ್ತೆ, ಕೈಗೆ ಗ್ಲೌಸ್ ಇರಲಿ, ಅಡುಗೆ ಪಾತ್ರೆ ಬೇಡ. ನಂಗೆ ನೆನೆಸೋದೇ ಇಷ್ಟ. ಒಣಗಿಸುವಾಗ ಟಿಶ್ಯೂ ಪೇಪರ್ ಮಧ್ಯ ಇಟ್ಟು ದಪ್ಪ ಪುಸ್ತಕದ ಕೆಳಗೆ, ಹಾಗೇ ಬಿಟ್ರೆ ಸುರುಟ್ಕೊಳ್ಳತ್ತೆ. ಇಪ್ಪತ್ತು ಎಲೆ ಹಾಕಿದ್ದೆ, ಚೆನ್ನಾಗಿ ಬಂದಿದ್ದು ಏಳು. ಆದ್ರೆ ಆ ಏಳು ಎಲೆ ಮರದ ಮೇಲೆ ಇದ್ದಾಗ ಉಸಿರು ಬಿಟ್ರೂ ಅಲ್ಲಾಡತ್ತೆ, ಬೇರೆ ಯಾವ ಆರ್ನಮೆಂಟೂ ಆ ಥರ ಇಲ್ಲ.

ಹಾಗೆ ನೋಡಿದ್ರೆ ಇದೆಲ್ಲಾ ಹೊಸ ಫ್ಯಾಷನ್ ಏನೂ ಅಲ್ಲ. 1605ರಲ್ಲಿ ಯುರೋಪಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒಬ್ಬ ಪ್ರಯಾಣಿಕ ಬರೆದಿಟ್ಟಿದ್ದಾನೆ, ಅಲ್ಲಿ ಮನೆಯೊಳಗೆ ಫರ್ ಅನ್ನೋ ಪೈನ್ ಥರದ ಮರ ನಿಲ್ಲಿಸಿ ಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಲ್ಲೆ, ಚಿನ್ನದ ತಗಡು, ಸಕ್ಕರೆ ತಿಂಡಿ ಕಟ್ತಿದ್ರು ಅಂತ. ಅಂದ್ರೆ ಮೊದಲಿಗೆ ಮರದ ಮೇಲೆ ಇದ್ದಿದ್ದೇ ಹಣ್ಣು ಮತ್ತು ಕಾಗದ. ನಾವೀಗ ನೋಡೋ ಹೊಳೆಯೋ ಗಾಜಿನ ಗುಂಡು ಬಂದಿದ್ದು ಎರಡು ಶತಮಾನಕ್ಕೂ ಆಮೇಲೆ, 1840ರ ದಶಕದಲ್ಲಿ, ಜರ್ಮನಿಯ ಲೌಶಾ ಅನ್ನೋ ಗಾಜು ಊದೋರ ಊರಿಂದ. ಮರಕ್ಕೆ ಕಟ್ಟೋಕೆ ಸೇಬು ಕೊಳ್ಳೋಕೆ ದುಡ್ಡಿಲ್ಲದ ಒಬ್ಬ ಕುಶಲಕರ್ಮಿ ಗಾಜಲ್ಲೇ ಹಣ್ಣು ಊದಿದ ಅಂತ ಒಂದು ಕಥೆ ಇದೆ. ಕಥೆ ನಿಜವೋ ಸುಳ್ಳೋ, ನಂಗಂತೂ ಅದನ್ನ ನೆನೆಸ್ಕೊಂಡ್ರೆ ನಗು ಬರತ್ತೆ, ಆವಯ್ಯ ಸೇಬಿನ ಬದಲು ಗಾಜು ಮಾಡಿದ, ನಾನು ಗಾಜಿನ ಬದಲು ವಾಪಸ್ ಕಿತ್ತಳೆ ಒಣಗಿಸ್ತಾ ಕೂತಿದೀನಿ. ಅವನಿಗೆ ಬೂಷ್ಟಿನ ಕಾಟ ಇರ್ಲಿಲ್ಲ ಅನ್ನೋದಷ್ಟೇ ವ್ಯತ್ಯಾಸ.

ತೂಕದ ವಿಷ್ಯ ಹೇಳ್ಬೇಕು. ಕುಂಡದಲ್ಲಿ ಕ್ರಿಸ್ಮಸ್ ಟ್ರೀ ಅಂತ ಬೆಳೆಸೋದು ಎಷ್ಟೋ ಕಡೆ ಅರೌಕೇರಿಯಾ, ನಾರ್ಫೋಕ್ ಐಲ್ಯಾಂಡ್ ಪೈನ್ ಅಂತ ಹೆಸರು, ಇದೂ ನಿಜವಾದ ಪೈನ್ ಅಲ್ಲ ಮತ್ತೆ. ಇದರ ಕೊಂಬೆ ಬಹಳ ಸಪೂರ, ಎಳೆ ಗಿಡದ್ದಂತೂ ಎರಡು ಗಾಜಿನ ಗುಂಡು ಹಾಕಿದ್ರೆ ತಲೆ ತಗ್ಗಿಸಿಬಿಡತ್ತೆ. ಒಣಗಿದ ವಸ್ತುಗಳ ದೊಡ್ಡ ಲಾಭ ಇಲ್ಲೇ ಇರೋದು. ನೀರು ಹೋದ್ರೆ ತೂಕನೂ ಹೋಯ್ತು, ಅಂಗೈ ಮೇಲಿಟ್ಟ ಕಿತ್ತಳೆ ಬಿಲ್ಲೆ ಇದೆಯೋ ಇಲ್ವೋ ಅನ್ನೋ ಹಾಗಿರತ್ತೆ. ನಾನು ದೊಡ್ಡ ಕೋನ್‌ಗಳನ್ನ ಕಾಂಡದ ಹತ್ರ, ಎಲೆ ಬಿಲ್ಲೆಗಳನ್ನ ಕೊಂಬೆ ತುದಿಗೆ ಹಾಕ್ತೀನಿ. ಉಪ್ಪಿನ ಮೀನು ಮಾತ್ರ ಭಾರ, ಅದಕ್ಕೆ ಒಂದು ಕೊಂಬೆ ಪೂರ್ತಿ ಬಿಟ್ಕೊಟ್ಟಿದೀವಿ.

ಲೈಟ್ ಎಲ್‌ಇಡಿನೇ ಇರಲಿ. ಒಣ ಎಲೆ ಒಣ ಕೋನ್ ಎಲ್ಲಾ ಇರೋ ಮರದ ಹತ್ರ ಮೇಣದಬತ್ತಿ ಅಂದ್ರೆ ನಂಗೆ ಮೈ ಜುಂ ಅನ್ನತ್ತೆ, ಆದ್ರೂ ಶತಮಾನಗಳ ಕಾಲ ಜನ ಮರದ ಮೇಲೇ ನಿಜವಾದ ಬತ್ತಿ ಹಚ್ಚಿದ್ರು. 1882ರಲ್ಲಿ ನ್ಯೂಯಾರ್ಕ್‌ನಲ್ಲಿ ಎಡಿಸನ್ ಕಂಪನಿಯ ಎಡ್ವರ್ಡ್ ಜಾನ್ಸನ್ ಮೊದಲ ಸಲ 80 ಕೆಂಪು ಬಿಳಿ ನೀಲಿ ಬಲ್ಬ್ ಹಾಕಿ ಮರ ಬೆಳಗಿಸಿದ್ದು, ಆತನಿಗೆ ನನ್ನದೊಂದು ನಮಸ್ಕಾರ. ಹಳೇ ಕಾಲದ ಬಿಸಿ ಬಲ್ಬಿನ ಸರ ಇದ್ರೆ ಹಾಟ್ ಗ್ಲೂ, ಅಂದ್ರೆ ಕಾಯಿಸಿ ಹಚ್ಚೋ ಅಂಟು, ಮೆತ್ತಗಾಗಿ ಅಂಟಿಸಿದ್ದೆಲ್ಲಾ ಜಾರತ್ತೆ, ಅದೂ ಒಂದು. ಬೂರುಗದ ಹತ್ತಿನ ಹಿಮದ ಥರ ಉದುರಿಸೋಣ ಅಂತ ಆಸೆ ಇತ್ತು, ಅದು ಕಿಡಿ ತಾಗಿದ್ರೆ ಭಗ್ ಅನ್ನತ್ತೆ ಅಂತ ಗೊತ್ತಾಗಿ ಕೈ ಬಿಟ್ಟೆ.

ಮಕ್ಕಳ ಜೊತೆ ಮಾಡೋರಿಗೆ ಒಂದೇ ಒಂದು ಎಚ್ಚರಿಕೆ, ಗುಲಗಂಜಿ ಬೇಡ. ಕೆಂಪು ಮೈ ಕಪ್ಪು ಚುಕ್ಕೆ, ನೋಡೋಕೆ ಆರ್ನಮೆಂಟ್‌ಗೆ ಅಂತಲೇ ಹುಟ್ಟಿದ ಹಾಗಿದೆ, ಆದ್ರೆ ಒಳಗೆ ಅಬ್ರಿನ್ ಅನ್ನೋ ಭಯಂಕರ ವಿಷ. ದಾರ ಪೋಣಿಸೋಕೆ ಅದನ್ನ ಕೊರೆಯೋದಂತೂ ಮಾಡಲೇಬೇಡಿ, ಗಟ್ಟಿ ಸಿಪ್ಪೆ ಒಡೆದಾಗಲೇ ವಿಷ ಹೊರಗೆ ಬರೋದು. ಹಕ್ಕಿ ಗೂಡು ಖಾಲಿ ಕಂಡ್ರೂ ಅಲ್ಲೇ ಬಿಡಿ, ಅದೇ ಗೂಡಿಗೆ ವಾಪಸ್ ಬರೋ ಹಕ್ಕಿಗಳೂ ಇವೆ.

ಗ್ಲಿಟರ್ ಬಗ್ಗೆ ನಂದೂ ಮಗಳದೂ ಜಗಳ ಇನ್ನೂ ಮುಗಿದಿಲ್ಲ. ಅವಳಿಗೆ ಎಲ್ಲದರ ಮೇಲೂ ಬೇಕು. ಆ ಪುಡಿ ಬಹುತೇಕ ಪ್ಲಾಸ್ಟಿಕ್ ಹಾಳೆಗೆ ಅಲ್ಯುಮಿನಿಯಂ ಲೇಪ ಮಾಡಿ ಕತ್ತರಿಸಿದ್ದು, ಯುರೋಪಿಯನ್ ಯೂನಿಯನ್ 2023ರ ಅಕ್ಟೋಬರ್‌ನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರೋದಕ್ಕೇ ತಡೆ ಹಾಕಿದೆ. ನನ್ನ ಕಾರಣ ಇನ್ನೂ ಸಣ್ಣದು, ಗ್ಲಿಟರ್ ಹಚ್ಚಿದ ಕೋನ್‌ನ ಹಬ್ಬ ಮುಗಿದ ಮೇಲೆ ಗಿಡದ ಬುಡಕ್ಕೆ ಹಾಕೋಕಾಗಲ್ಲ. ಕೊನೆಗೆ ಒಂದು ಒಪ್ಪಂದ ಆಯ್ತು, ಅವಳಿಗೆ ಒಂದು ಕೋನ್, ಅದರ ಮೇಲೆ ಏನು ಬೇಕಾದ್ರೂ. ಅವಳು ಅದಕ್ಕೆ ಗ್ಲಿಟರ್, ಸ್ಟಿಕ್ಕರ್, ಒಂದು ಹೇರ್ ಕ್ಲಿಪ್ ಎಲ್ಲಾ ಹಾಕಿದಾಳೆ. ಅದು ಮರದ ಹಿಂಬದಿ ಇದೆ. ಅಂದ್ರೆ ನಾನು ಹಿಂಬದಿಗೆ ಹಾಕ್ತೀನಿ, ಬೆಳಿಗ್ಗೆ ಅದು ಮುಂದೆ ಬಂದಿರತ್ತೆ.

ಮರ ಇರೋದು ಕಿಟಕಿ ಪಕ್ಕ. ಮೊನ್ನೆ ಸಂಜೆ ಜೋರು ಮಳೆ, ಕಿಟಕಿ ಮುಚ್ಚೋದು ಮರೆತು ಆಚೆ ಹೋಗಿದ್ವಿ. ವಾಪಸ್ ಬಂದಾಗ ಕಿಟಕಿ ಕಡೆ ಇದ್ದ ಕೋನ್‌ಗಳು ಅರ್ಧ ಮುಚ್ಕೊಂಡಿದ್ವು, ಗೋಡೆ ಕಡೆಯವು ಹಾಗೇ ಅರಳಿಕೊಂಡಿದ್ವು. ಈ ಸಲ ಯಾರೂ ಅಳ್ಲಿಲ್ಲ. ಮಗಳು ಕುರ್ಚಿ ಎಳ್ಕೊಂಡು ಬಂದು ಕೂತು ಯಾವುದು ಮೊದಲು ಬಿಚ್ಕೊಳತ್ತೆ ಅಂತ ಕಾಯ್ತಾ ಇದ್ಲು. ನಮ್ಮಮ್ಮ ಬಂದು ಕಿಟಕಿ ಮುಚ್ಚಿ, ಕಿತ್ತಳೆ ಬಿಲ್ಲೆ ಒಂದೊಂದನ್ನೇ ಒತ್ತಿ ನೋಡಿ, ಎರಡನ್ನ ಕಿತ್ತು ನನ್ನ ಕೈಗೆ ಕೊಟ್ಟು "ಇವು ಇನ್ನೊಂದು ಗಂಟೆ" ಅಂದ್ರು. ಓವನ್ ಹಾಕಿದೀನಿ, ಇದನ್ನ ಬರೀತಿರೋದು ಅದು ಆಗೋ ತನಕ.